ಜಿಗಿಮಂಚ ಕೊಣನೂರಿಗೆ ಹೋದದ್ದು

ತಾರಸಿಯ ಮೇಲಿನ ಜಿಗಿಮಂಚದ ಮೊದಲ ಸ್ಪ್ರಿಂಗು ಕೊಕ್ಕೆಗೆ ಸಿಕ್ಕಿ ಟಣ್ಣನೆ ಬಿಟ್ಟುಕೊಂಡಾಗ ಮಾನ್ಯ ಬೆಚ್ಚಿದಳು. ಬೆಚ್ಚಿದ್ದು ಅದನ್ನು ಬಿಚ್ಚುತ್ತಿದ್ದ ಚಲುವಯ್ಯನಿಗೆ ಕಂಡಿತೇನೋ ಅನಿಸಿ, ನೀರಿನ ಟ್ಯಾಂಕಿನ ಮೇಲೆ ಏನೋ ಇದೆ ಎಂಬಂತೆ ಅತ್ತ ನೋಡುತ್ತ ನಿಂತಳು. ಅಲ್ಲಿ ಏನೂ ಇರಲಿಲ್ಲ. ಅವನು ಅವಳ ಕಡೆ ನೋಡಿರಲೂ ಇಲ್ಲ. ಬಿಡಿಸಿದ ಸ್ಪ್ರಿಂಗನ್ನು ಅಕ್ಕಿಚೀಲದೊಳಗೆ ಹಾಕಿ, ಎದ್ದು, ಅರ್ಧ ಸುತ್ತು ನಡೆದು ಹೋಗಿ, ಸರಿಯಾಗಿ ಅದರ ಎದುರಿನದಕ್ಕೆ ಕೊಕ್ಕೆ ಹಾಕಿದ. ಆಮೇಲೆ ಮತ್ತೆ ಈ ಕಡೆ, ಮತ್ತೆ ಆ ಕಡೆ. ಪಕ್ಕದಲ್ಲೇ ಇರುವುದನ್ನು ಬಿಟ್ಟು ಯಾಕೆ ಹೀಗೆ ಸುತ್ತುತ್ತಾನೆ ಎಂದು ಅವಳು ಯೋಚಿಸುತ್ತಿದ್ದಾಗಲೇ, ಒಂದೇ ಕಡೆಯಿಂದ ಬಿಚ್ಚುತ್ತ ಬಂದರೆ ಇನ್ನೊಂದು ಕಡೆ ಸೆಳೆದುಕೊಂಡು ಕಬ್ಬಿಣ ಸೊಟ್ಟಗಾಗುತ್ತದೆ, ಪಟ್ಟಿಮಂಚ ಹೆಣೆಯುವಾಗಲೂ ಹೀಗೇ ಎಂದು ಅವನು ಚೀಲಕ್ಕೆ ಹೇಳುವಂತೆ ಹೇಳಿದ. ಇದನ್ನು ಕಟ್ಟಿದವನೂ ಅವನೇ. ಕಳೆದ ವರ್ಷ ಅಕ್ಕನ ಮಗಳು ಪಾಪುವಿನ ಐದನೇ ಹುಟ್ಟುಹಬ್ಬಕ್ಕೆ ರಜನೀಶ್ ಭಾವ ತರಿಸಿದ ಟ್ರ್ಯಾಂಪೊಲಿನ್, ಅದರ ಸ್ಪ್ರಿಂಗು, ಜಿಗಿಯುವ ಕಪ್ಪು ಬಟ್ಟೆ, ಸುತ್ತಲಿನ ಬಲೆಯೊಂದಿಗೆ, ಮೂರು ಡಬ್ಬಗಳಲ್ಲಿ ಬಂದಿತ್ತು. ಬೀದಿಯವರ ಮಂಚ, ಕುರ್ಚಿ, ಬಾಗಿಲ ಚಿಲಕ ಎಲ್ಲಕ್ಕೂ ಬರುತ್ತಿದ್ದ ಚಲುವಯ್ಯನನ್ನೇ ಕರೆಸಿದ್ದರು. ಅವನು ಇಡೀ ದಿನ ತಾರಸಿಯ ಮೇಲೆ ಕೂತು ಜೋಡಿಸಿ, ಇದು ಜಿಗಿಯೋ ಮಂಚ ಕಣ್ ಕೂಸೆ ಎಂದಿದ್ದ. ಅವತ್ತಿನಿಂದ ಮನೆಯಲ್ಲಿ ಅದರ ಹೆಸರು ಜಿಗಿಮಂಚ. ಪಾಪು ಅವನನ್ನು ಬಾಯಿತುಂಬ ತಾತ ಎನ್ನುತ್ತಿದ್ದಳು. ಇವತ್ತು ಬೆಳಿಗ್ಗೆ ಗೇಟಿನಲ್ಲಿ ಅವನ ದನಿ ಕೇಳಿದ್ದೇ ತಡ, ಒಳಕೋಣೆಗೆ ಓಡಿ ಬೀರುವಿನ ಸಂದಿಯಲ್ಲಿ ನಿಂತುಬಿಟ್ಟಳು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು. ಆ ಕೈ ಮೊಣಕೈಯ ಹತ್ತಿರ ಇನ್ನೂ ಪೂರ್ತಿ ನೆಟ್ಟಗಾಗುವುದಿಲ್ಲ. ಚಲುವಯ್ಯ ಮನೆಯೊಳಗಿನ ಮೆಟ್ಟಿಲು ಬಿಟ್ಟು ಹೊರಗಿನ ಕಬ್ಬಿಣದ ಏಣಿ ಹತ್ತಿ ಮೇಲೆ ಬಂದ. ಹಾಗೆ ಬಾ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಪಾಪು ಬಿದ್ದು ಎಂಟು ತಿಂಗಳಾಯಿತು. ಆ ಸಂಜೆಗೆ ಮಾನ್ಯಳ ತಲೆಯಲ್ಲಿ ಎರಡು ನೆನಪುಗಳಿವೆ, ಎರಡಕ್ಕೂ ಒಂದೇ ಬಿಸಿಲು, ಪಕ್ಕದ ಮನೆಯ ಒಗ್ಗರಣೆಯ ಒಂದೇ ವಾಸನೆ. ಇಪ್ಪತ್ತಾರರ ಹೆಂಗಸಾದ ಅವಳು ಕೂದಲು ಬಿಚ್ಚಿಕೊಂಡು ಆರು ತುಂಬದ ಮಗುವಿನ ಜೊತೆ ಜಿಗಿಯುತ್ತಿದ್ದಳು. ಅಷ್ಟರಲ್ಲಿ ಕೆಳಗೆ ಅಕ್ಕನ ಸ್ಕೂಟರಿನ ಸದ್ದು. ಒಂದು ನೆನಪಿನಲ್ಲಿ ಅವಳು ಸುತ್ತಲಿನ ಬಲೆಯಿಂದ ಹೊರಗೆ ಬಂದು ಅದರ ಜಿಪ್ಪನ್ನು ಎಳೆಯುತ್ತಾಳೆ, ಅದು ನಡುವೆ ಎಂದಿನಂತೆ ಕಚ್ಚಿಕೊಳ್ಳುತ್ತದೆ, ಜಗ್ಗಿದರೆ ಸರ್ರನೆ ಮೇಲಕ್ಕೆ ಹೋಗುತ್ತದೆ. ಇನ್ನೊಂದರಲ್ಲಿ ಏದುಸಿರು ಬಿಡುತ್ತ, ಅಕ್ಕ ನೋಡಿಯಾಳೆಂದು, ದುಪಟ್ಟಾ ಎತ್ತಿಕೊಳ್ಳಲು ಪ್ಯಾರಪೆಟ್ಟಿನ ಕಡೆ ಓಡುತ್ತಾಳೆ. ಬಲೆಯ ಬಾಯಿ ಹಾಗೇ ತೆರೆದಿರುತ್ತದೆ. ಅಲ್ಲಿಂದ ಮುಂದೆ ಅನುಮಾನವಿಲ್ಲ. ಅವಳು ಗೋಡೆಗೆ ಒರಗಿ ಕೂತು ಪಾಪುವಿಗೆ ಹೇಳುತ್ತ ನಡುವೆ ನಿಲ್ಲಿಸಿದ್ದ ಕಥೆಯನ್ನು ಮುಂದುವರಿಸಿದಳು, ರಾಕ್ಷಸನ ದನಿ ತೆಗೆಯುವಾಗ ಕಣ್ಣು ಮುಚ್ಚಿದಳು, ಅದು ಅವಳ ಅಭ್ಯಾಸ, ಕಣ್ಣು ತೆರೆದಾಗ ಜಿಗಿಮಂಚ ಖಾಲಿಯಿತ್ತು, ಪಾಪು ಕೆಳಗೆ ತಾರಸಿಯ ನೆಲದ ಮೇಲಿದ್ದಳು. ಮಾರನೇ ಬೆಳಿಗ್ಗೆ ಭಾವ ಮಂಚದ ಒಂದೊಂದೇ ಕಾಲು ಹಿಡಿದು ಅಲ್ಲಾಡಿಸಿ, ಬೆರಳಲ್ಲೇ ತಿರುಗುತ್ತಿದ್ದ ಒಂದು ಬೋಲ್ಟನ್ನು ಕಂಡುಹಿಡಿದರು. ಈ ಕಾಲು ಕುಸಿದು ಮಂಚ ವಾಲಿರಬೇಕು, ಬಲೆ ಜೋತುಬಿದ್ದಿರಬೇಕು, ಇದೇ ಅಲ್ವಾ ಮಾನ್ಯ, ನೀನು ಅಲ್ಲೇ ಇದ್ಯಲ್ಲ ಎಂದರು. ಅವಳ ತಲೆ ಅಲ್ಲಾಡಿತು. ಉದ್ದಕ್ಕೆ ಅಲ್ಲಾಡಿತೋ ಅಡ್ಡಕ್ಕೋ ಅವಳಿಗೆ ಇವತ್ತಿಗೂ ತಿಳಿಯದು. ಭಾವ ಅದನ್ನು ಹೌದು ಎಂದುಕೊಂಡರು. ಚಲುವಯ್ಯನನ್ನು ಕರೆಸಿದರು. ಅವನು ಗೇಟಿನಲ್ಲಿ ನಿಂತು ಅಂಗೈ ಮೇಲಿನ ಬೋಲ್ಟನ್ನು ಬಹಳ ಹೊತ್ತು ನೋಡಿ, ‘ನಂದೇ ತಪ್ಪಿರ್ಬೋದು ಸಾ’ ಎಂದ. ಆಮೇಲೆ ಆ ಬೀದಿಯಲ್ಲಿ ಯಾರೂ ಅವನನ್ನು ಚಿಲಕಕ್ಕೂ ಕರೆಯಲಿಲ್ಲ. ಈಗ ಕೊಣನೂರಿನ ಸಿದ್ದೇಶ್ವರ ಮಾವ, ಸುಮ್ಮನೆ ಬಿದ್ದಿರುವ ಆ ವಸ್ತುವನ್ನು ನನ್ನ ಮೊಮ್ಮಕ್ಕಳಿಗಾದರೂ ಕಳಿಸಿ, ಬೋಲ್ಟು ಬಿಗಿದರೆ ಆಯ್ತಲ್ಲ ಎಂದು ಹಟ ಹಿಡಿದ ಮೇಲೆ, ಬಿಚ್ಚಲು ಬೇರೆ ಯಾರೂ ಸಿಗದೆ, ಕಟ್ಟಿದೋನೇ ಬಿಚ್ಚಲಿ ಎಂದು ಭಾವನೇ ಫೋನು ಮಾಡಿದ್ದರು.

ಸ್ಪ್ರಿಂಗುಗಳೆಲ್ಲ ಚೀಲ ಸೇರಿದ ಮೇಲೆ, ದುಂಡಗಿನ ಕಬ್ಬಿಣದ ಎಂಟು ತುಂಡುಗಳನ್ನು ಬಿಡಿಸುವ ಮೊದಲು, ಪ್ರತಿ ಕೂಡಿಕೆಯ ಎರಡೂ ತುದಿಗೆ ಒಂದು, ಎರಡು, ಮೂರು ಎಂದು ಗುರುತು ಹಾಕಲು ಅವನು ಮಾನ್ಯಳಿಗೆ ಹೇಳಿ, ಚೀಲ ಹೊತ್ತು ಕೆಳಗೆ ಹೋದ. ನೋಡಲು ಎಲ್ಲವೂ ಒಂದೇ ತರ, ಆದರೆ ಬಿಸಿಲಿಗೆ ಒಂದೊಂದು ಒಂದೊಂದು ತರ ಬಾಗಿವೆಯಂತೆ. ಜೋಡಿ ತಪ್ಪಿದರೆ ತೂತಿಗೆ ತೂತು ಕೂರುವುದಿಲ್ಲವಂತೆ. ಮನೆಯಲ್ಲಿ ಸೀಮೆಸುಣ್ಣ ಸಿಗಲಿಲ್ಲ. ಪಾಪುವಿನ ಕ್ರೇಯಾನು ಕೇಳಲು ಬೀರುವಿನ ಸಂದಿಯ ತನಕ ಹೋದವಳು, ಅಲ್ಲಿಂದ ನೋಡುತ್ತಿದ್ದ ಎರಡು ಕಣ್ಣು ಕಂಡು ವಾಪಸಾಗಿ, ದೇವರ ಗೂಡಿನಿಂದ ಮುರಿದ ವಿಭೂತಿ ಗಟ್ಟಿಯೊಂದನ್ನು ತಂದಳು. ಕಪ್ಪು ಕಬ್ಬಿಣದ ಮೇಲೆ ಬಿಳುಪು ಚೆನ್ನಾಗಿ ಎದ್ದು ಕಾಣುತ್ತಿತ್ತು. ಎಳೆಯುತ್ತ ಹೋದಳು. ಜಿಪ್ಪು ಕಚ್ಚಿಕೊಂಡಾಗ ಹೆಬ್ಬೆರಳಿಗೆ ಚುಚ್ಚುವ ಆ ಹಿತ್ತಾಳೆಯ ತುದಿ, ಅದು ಅವತ್ತು ಚುಚ್ಚಿತ್ತೋ ಅಥವಾ ಅದರ ಹಿಂದಿನ ದಿನವೋ? ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಎಸ್ಸೆಸ್ಸೆಲ್ಸಿಯ ಹಾಲ್ ಟಿಕೆಟ್ಟಿಗೆ, ಭಾವನ ಹೊಸ ಬೈಕಿಗೆ, ಫ್ರಿಜ್ಜಿಗೆ ಅದೇ ಕೈ ಹೀಗೇ ಎಳೆದಿತ್ತು. ಎಲ್ಲ ಮುಗಿದು ಎದ್ದು ನಿಂತಾಗ ಒಂದು ಕೆಲಸ ಸರಿಯಾಗಿ ಮಾಡಿದೆನೆಂಬ ಸಣ್ಣ ಹಿಗ್ಗು. ಅವನು ವಾಪಸು ಬಂದು ಅಡಿಯಲ್ಲಿ ಮಲಗಿ ಬೋಲ್ಟು ಬಿಡಿಸುತ್ತ ಹೋದಂತೆ, ಮೇಲಿನ ಗುರುತು ಅಳಿಯದಿರಲೆಂದು ತುಂಡುಗಳನ್ನು ಒಂದೊಂದಾಗಿ ಹಳೇ ಸೀರೆಗಳಲ್ಲಿ ಸುತ್ತಿದ್ದೂ ಅವಳೇ.

ಲಗೇಜ್ ಆಟೋದ ಪರಮೇಶ್ ಮಡಿಸಿದ ಕಪ್ಪು ಬಟ್ಟೆಯನ್ನು ಮುಟ್ಟಿ ನೋಡಿ, ಇದೇನು ಮೇಡಂ, ರಾಕ್ಷಸರು ರಾಗಿಹಿಟ್ಟು ಜರಡಿ ಹಿಡಿಯೋದಾ ಎಂದ. ಮಾನ್ಯ ನಕ್ಕಳು, ಆಮೇಲೆ ರಾಕ್ಷಸ ಎಂಬ ಮಾತಿಗೆ ನಗು ಅರ್ಧಕ್ಕೇ ನಿಂತಿತು. ದಿವ್ಯಾ ಅಕ್ಕ ಗೇಟಿನವರೆಗೆ ಬಂದು, ದಾರಿಯಲ್ಲಿ ಕನಸು ಕಾಣುತ್ತ ಕೂರಬೇಡ, ಮಾವನ ಎದುರು ನಿಂತು ಒಂದೊಂದು ಬೋಲ್ಟನ್ನೂ ಕೈಯಿಂದ ತಿರುಗಿಸಿ ನೋಡು, ಇವನನ್ನು ನಂಬಬೇಡ ಎಂದಳು. ಇವನು ಎಂದರೆ ಚಲುವಯ್ಯ, ಎರಡು ಮಾರು ದೂರದಲ್ಲಿ ಹಗ್ಗ ಬಿಗಿಯುತ್ತಿದ್ದ. ಮುಂದಿನ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗವಿದ್ದರೂ ಅವನು ಹಿಂದೆ ಕಬ್ಬಿಣದ ಮಧ್ಯೆ ಹತ್ತಿ ಕೂತ, ತುಂಡುಗಳು ಒಂದಕ್ಕೊಂದು ತಾಗದಂತೆ ಎರಡು ಕಾಲಿನ ನಡುವೆ ಒತ್ತಿ ಹಿಡಿದು.

ಹಾಸನ ಹಿಂದಾಯಿತು. ಗಾಡಿ ಕಟ್ಟಾಯ ದಾಟುವವರೆಗೆ ಪರಮೇಶ್ ಮಾತು ನಿಲ್ಲಿಸಲಿಲ್ಲ. ಹೊಳೇನರಸೀಪುರದಲ್ಲಿ ಅವನ ಮಾವನ ಮನೆ, ಚನ್ನರಾಯಪಟ್ಟಣದಲ್ಲಿ ಅವನ ತಂಗಿ, ಎಲ್ಲರ ಸಾಮಾನನ್ನೂ ಅವನೇ ಸಾಗಿಸಿದ್ದು, ಇವತ್ತಿಗೂ ಒಂದು ಲೋಟ ಒಡೆದಿಲ್ಲ. ದನಿ ತಗ್ಗಿಸಿ, ಹಿಂದಿರೋನು ಕೈಗುಣದವನೇ ಮೇಡಂ, ಪಾಪ, ಯಾವುದೋ ಮನೇಲಿ ಮಗು ಬಿದ್ದೋಯ್ತಂತೆ, ಆವತ್ತಿಂದ ಕೆಲಸ ಕೆಟ್ಟೋಯ್ತು ಎಂದ. ಯಾವ ಮನೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳು ಹೂಂ ಎಂದಳು. ಹೂಂ ಎಂದದ್ದು ಕಥೆ ಕೇಳುವವರ ಹೂಂನಂತೆಯೇ ಇತ್ತು. ಸಿದ್ದೇಶ್ವರ ಮಾವನ ತಾಯಿಯಾದ ಅಜ್ಜಿ ಬಸವಲಿಂಗಮ್ಮನಿಗೆ ಹೂಂ ಎನ್ನದಿದ್ದರೆ ಕಥೆ ಮುಂದೆ ಹೋಗುತ್ತಿರಲಿಲ್ಲ. ನಾಲ್ಕು ಜನ ಆಳುಗಳು ಅರಸನ ಮಗುವಿನ ತೊಟ್ಟಿಲು ಹೊತ್ತು ಹೊಳೆ ದಾಟುತ್ತಾರೆ, ಹೂಂ, ನಡುಹೊಳೆಯಲ್ಲಿ ಮಗು ಇಲ್ಲ, ಹೂಂ, ಖಾಲಿ ತೊಟ್ಟಿಲು ಮೂವರ ಹೆಗಲಿಗೆ ಹಗುರ, ಒಬ್ಬನ ಹೆಗಲಿಗೆ ಮಾತ್ರ ಮಗು ಇದ್ದಷ್ಟೇ ಭಾರ. ಆ ಒಬ್ಬ ಯಾರೆಂಬುದನ್ನು ಅಜ್ಜಿ ದಿನಕ್ಕೊಂದು ತರಹ ಹೇಳುತ್ತಿದ್ದಳು. ಒಂದು ದಿನ ಕೊನೆಯವನು, ಒಂದು ದಿನ ಮೊದಲನೆಯವನು, ಒಮ್ಮೆ ದಡದಲ್ಲಿ ಸುಮ್ಮನೆ ನಿಂತಿದ್ದ ಅರಸನೇ. ಯಾವುದು ನಿಜ ಅಜ್ಜಿ ಎಂದರೆ, ಯಾವತ್ತು ನಿಂಗೆ ನಿದ್ದೆ ಬಂತೋ ಅವತ್ತಿಂದು ನಿಜ ಎನ್ನುತ್ತಿದ್ದಳು. ಅಜ್ಜಿ ಹೋಗಿ ನಾಲ್ಕು ವರ್ಷವಾಯಿತು. ಒಂದು ಸಂಗತಿಗೆ ಎರಡು ಕೊನೆ ಇಟ್ಟುಕೊಂಡು ಬದುಕಬಹುದೆಂದು ಕಲಿಸಿದವಳು, ಅದರಲ್ಲೊಂದು ಬೇರೆಯವರ ಹೊಟ್ಟೆಯ ಮೇಲೆ ಹೊಡೆದರೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಕನ್ನಡಿಯಲ್ಲಿ ಚಲುವಯ್ಯನ ಅರ್ಧ ಮುಖ ಕಾಣುತ್ತಿತ್ತು, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಅರಕಲಗೂಡಿನಲ್ಲಿ ಹೇಳಿಬಿಡಬೇಕು ಎಂದುಕೊಂಡಳು. ಏನೆಂದು?

ಅರಕಲಗೂಡಿನಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಪರಮೇಶ್ ಫೋನು ಹಿಡಿದು ದೂರ ಹೋದ. ಅವಳೇ ಲೋಟವನ್ನು ಹಿಂದಕ್ಕೆ ತಗೊಂಡು ಹೋಗಿ ಕೊಟ್ಟಳು. ಚಲುವಯ್ಯ ಇಳಿಯಲಿಲ್ಲ, ಇಳಿದರೆ ಕಬ್ಬಿಣ ಜಾರುತ್ತದೆ ಎಂದ. ಬಿಸಿ ಲೋಟದ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಪಾಪು ಸ್ಕೂಲಿಗೆ ಹೋಗುತ್ತಾಳಾ, ಬರೆಯಲು ಬರುತ್ತದಾ ಎಂದು ಕೇಳಿದ. ಹೋಗುತ್ತಾಳೆ, ಬರೆಯುತ್ತಾಳೆ ಎಂದಳು. ಅವನು ಟೀ ಮುಗಿಸಿದ. ಆಮೇಲೆ ಯಾರೂ ಕೇಳದೆಯೇ ಹೇಳಿದ: ‘ದಿನಾ ಎಣುಸ್ತೀನಿ ಕಣವ್ವಾ. ಮದ್ಲಿಂದ ಕೊನೆಗಂಟ, ಒಂದೊಂದೇ ಬೋಲ್ಟು. ಆ ಒಂದ್ರತ್ರ ಬಂದಾಗ ಮಂಕಾಗೋಯ್ತದೆ. ಬಿಗಿದಂಗೂ ನೆಪ್ಪೈತೆ, ಬುಟ್ಟಂಗೂ ನೆಪ್ಪೈತೆ. ಎರಡೂವೆ ಕಣ್ಣಿಗ್ ಕಟ್ದಂಗೈತೆ.’ ಮಾನ್ಯಳಿಗೆ ತನ್ನ ತಲೆಯೊಳಗಿನ ಮಾತನ್ನು ಯಾರೋ ಕದ್ದು ಅವನ ಬಾಯಲ್ಲಿ ಇಟ್ಟಂತಾಯಿತು. ಹಾಗಾದರೆ ಎಂಟು ತಿಂಗಳಿಂದ ಇಬ್ಬರೂ ಒಂದೇ ರೀತಿ ಎಣಿಸುತ್ತಿದ್ದರು. ಅವನು ಗೇಟಿನ ಹೊರಗೆ, ಅವಳು ಒಳಗೆ ಬಿಸಿ ಅನ್ನದ ಮುಂದೆ. ಹೇಳಬೇಕು ಎಂದು ಬಾಯಿ ತೆರೆದಳು. ಅವನಿಗಾದರೂ ಅದು ಮಂಕಾಗಿದೆ, ನನಗೂ ಮಂಕಾಗಿದ್ದರೆ ಹೇಳುವುದಾದರೂ ಏನನ್ನು, ಇರಬಹುದು ಎಂಬುದನ್ನೇ? ‘ಇನ್ನೊಂದು ಟೀ ಬೇಕಾ?’ ಎಂಬ ಮಾತು ಹೊರಬಂತು. ಬೇಡ ಬುಡಿ ಎಂದು ಅವನು ಲೋಟ ಹಿಂತಿರುಗಿಸಿದ.

ಕೊಣನೂರಿನಲ್ಲಿ ಸಿದ್ದೇಶ್ವರ ಮಾವನ ಗೊಬ್ಬರದ ಅಂಗಡಿಯ ಹಿಂದೆ ಸಾಕಷ್ಟು ಬಯಲಿತ್ತು. ಮೊಮ್ಮಕ್ಕಳಿಬ್ಬರು ಬೇಸಿಗೆ ರಜೆಗೆ ನಾಳೆ ಬರುವವರಿದ್ದರು. ಬಂದ ಕೂಡಲೇ ಜಿಗಿಯಬೇಕು, ಇವತ್ತೇ ನಿಲ್ಲಿಸಿಬಿಡಿ ಎಂದು ಮಾವ ಬನಿಯನ್ನಿನಲ್ಲೇ ಓಡಾಡುತ್ತಿದ್ದರು. ಪರಮೇಶ್ ಸಾಮಾನು ಇಳಿಸಿ, ಒಂದು ಗೀರೂ ಬಿದ್ದಿಲ್ಲ ನೋಡ್ಕಳಿ ಎಂದು ಮಾವನಿಗೆ ತೋರಿಸಿ, ಹಾಸನಕ್ಕೆ ಬಾಡಿಗೆ ಹುಡುಕುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋದ. ಚಲುವಯ್ಯ ಸೀರೆಗಳನ್ನು ಬಿಚ್ಚಿ ತುಂಡುಗಳನ್ನು ನೆಲದ ಮೇಲೆ ದುಂಡಗೆ ಇಟ್ಟ. ಒಂದರ ತುದಿ ನೋಡಿದ, ಇನ್ನೊಂದರ ತುದಿ ನೋಡಿದ. ಮಂಡಿಯೂರಿ ಎಲ್ಲವನ್ನೂ ನೋಡಿದ. ಎಂಟು ತುಂಡು, ಹದಿನಾರು ತುದಿ, ಹದಿನಾರರ ಮೇಲೂ ಅಚ್ಚುಕಟ್ಟಾಗಿ ಎಳೆದ ಮೂರು ಬಿಳಿ ಗೆರೆ. ಅವನು ತಲೆ ಎತ್ತಿ ಅವಳನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದ ಊರಲ್ಲಿ ಬೋರ್ಡು ಹುಡುಕುವವರ ನೋಟ. ಮಾನ್ಯಳಿಗೆ ಆಗ ಮಾತ್ರ ತನ್ನ ಕೈ ಮಾಡಿದ ಕೆಲಸ ಕಂಡಿತು. ಅವನು ಅದನ್ನು ಇದಕ್ಕೆ, ಇದನ್ನು ಅದಕ್ಕೆ ತೂರಿಸಿ ನೋಡತೊಡಗಿದ. ಕೆಲವು ಕೂತವು, ಕೆಲವು ಅರ್ಧಕ್ಕೆ ನಿಂತವು, ಕೂತವು ಸರಿಯೋ ಅಲ್ಲವೋ ಹೇಳುವಂತಿರಲಿಲ್ಲ. ಗಂಟೆ ಕಳೆದರೂ ಕಬ್ಬಿಣ ದುಂಡಗಾಗದೆ ಮೊಟ್ಟೆಯಂತೆ ನಿಂತಿತು.

ಮಾವನ ತಾಳ್ಮೆ ಹರಿಯಿತು. ಏನಯ್ಯಾ, ಬಿಚ್ಚಿದ್ದು ನೀನೇ, ಕಟ್ಟಿದ್ದೂ ನೀನೇ, ಎಲ್ಲಿ ಯಾವುದು ಅಂತ ಗೊತ್ತಾಗಲ್ವಾ, ಇವತ್ತು ಮೊದಲ ಸಲ ನೋಡ್ತಿರೋ ಹಾಗೆ ಆಡ್ತೀಯಲ್ಲ ಎಂದು ಶುರು ಮಾಡಿದವರು ದನಿ ಏರಿಸುತ್ತ ಹೋಗಿ, ‘ಒಂದು ಮಗು ಕೈ ಮುರ್ಕೊಂಡಿದ್ದು ಸಾಲ್ದಾ ನಿಂಗೆ?’ ಎಂದುಬಿಟ್ಟರು. ಚಲುವಯ್ಯ ಸ್ಪ್ಯಾನರನ್ನು ನೆಲದ ಮೇಲಿಟ್ಟ. ಗುರುತು ಹಾಕಿದ್ದು ಅವ್ವಾರು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅವನು ಹೇಳದಿದ್ದುದೇ ಅವಳನ್ನು ಹಿಂದಿನಿಂದ ನೂಕಿತು. ಗುರುತು ಹಾಕಿದ್ದು ನಾನು ಮಾವ, ಸೀಮೆಸುಣ್ಣ ಸಿಗಲಿಲ್ಲ, ವಿಭೂತಿ ತಗೊಂಡೆ, ಕೈ ಅಭ್ಯಾಸಬಲದಿಂದ ಎಲ್ಲಕ್ಕೂ ಮೂರೇ ಗೆರೆ ಎಳೆದುಬಿಟ್ಟಿತು ಎಂದಳು. ಮಾವ ಒಂದು ಕ್ಷಣ ನೋಡಿ, ಹೊಟ್ಟೆ ಕುಲುಕುವಂತೆ ನಕ್ಕರು. ಹದಿನಾರು ಕಡೆ ಈಶ್ವರನ್ನ ಕೂರಿಸಿದೀಯ, ಇನ್ನು ಬೀಳೋದೆಲ್ಲಿ ಬಂತು, ಬಿಡು ಎಂದರು. ಅವನಿಗೆ ಅಷ್ಟು ಬೈಗುಳ ಸಿಕ್ಕಿದ ತಪ್ಪಿಗೇ ತನಗೆ ಸಿಕ್ಕಿದ್ದು ನಗು.  ಇಷ್ಟು ಅಗ್ಗಕ್ಕೆ ಬಿಡುಗಡೆಯಾಗುವುದಿದ್ದರೆ ಎಂಟು ತಿಂಗಳು ಯಾವುದಕ್ಕೆ ಹೆದರಿದೆ? ಅಥವಾ ಹೆದರಿಕೆ ಇದ್ದದ್ದು ಬೈಗುಳಕ್ಕಲ್ಲವೇನೋ. ನಗು ಇನ್ನೂ ಮುಗಿಯುವ ಮೊದಲೇ ಅವಳು ಉಳಿದದ್ದನ್ನೂ ಹೇಳಿದಳು: ಅವತ್ತು ಪಾಪು ಬಿದ್ದಾಗ ಬಲೆಯ ಜಿಪ್ಪು ಹಾಕಿರಲಿಲ್ಲ, ಒಳಗೆ ಜಿಗಿಯುತ್ತಿದ್ದವಳು ನಾನೇ, ಹೊರಗೆ ಬಂದವಳೂ ನಾನೇ, ನಾಳೆ ನಿಮ್ಮ ಮೊಮ್ಮಕ್ಕಳು ಹತ್ತಿದಾಗ ಬೋಲ್ಟನ್ನಲ್ಲ, ಆ ಜಿಪ್ಪನ್ನು ನೋಡಿ.

ಮಾವ ನಗು ನಿಲ್ಲಿಸಿದರು, ಆದರೆ ಅವರ ಮುಖದಲ್ಲಿ ಬಂದದ್ದು ನಂಬಿಕೆಯಲ್ಲ, ಮರುಕ. ಹತ್ತಿರ ಬಂದು ತಲೆ ಮೇಲೆ ಕೈಯಿಟ್ಟರು. ‘ನಮ್ಮವ್ವನ ಬುದ್ಧಿ ಕಣೇ ನಿಂದು. ಇಲ್ಲದ್ದನ್ನೂ ಕಣ್ಣಿಗೆ ಕಟ್ಟೋ ಹಾಗೆ ಹೇಳ್ತೀಯ. ಪಾಪ ಅನ್ನಿಸ್ತಾ ಇವನನ್ನ ನೋಡಿ?’ ಎಂದರು. ಅಂಗಡಿಯ ಕಡೆಯಿಂದ ಯಾರೋ ಗಿರಾಕಿ ಕೂಗಿದರು. ಬೇಗ ನಿಲ್ಲಿಸಿ, ಊಟಕ್ಕೆ ಏಳಿ ಎಂದು ಹೋದರು.

ಬಯಲಲ್ಲಿ ಇಬ್ಬರೇ ಉಳಿದರು.  ನಿಜ ಹೇಳಿದ್ದು ಕಥೆಯಾಯಿತು. ಅಥವಾ ಕಥೆಯನ್ನೇ ಹೇಳಿದೆನೋ, ಮಾವನಿಗೆ ಅದು ಸರಿಯಾಗಿಯೇ ಕಂಡಿತೋ? ಚಲುವಯ್ಯ ಎದ್ದು ಬಂದು ಅವಳ ಎದುರು ನಿಂತ. ಅವನು ಇಷ್ಟು ಹತ್ತಿರ, ಇಷ್ಟು ನೇರ ನಿಂತದ್ದನ್ನು ಅವಳು ನೋಡಿರಲಿಲ್ಲ. ಅವಳಿಗಿಂತ ಗಿಡ್ಡನಿದ್ದ.

‘ನೆಪ್ಪೈತಾ ಸರ್ಯಾಗಿ?’ ಎಂದ.

ಎರಡೂ ನೆನಪು ಒಟ್ಟಿಗೆ ಬಂದವು. ಕಚ್ಚಿಕೊಂಡು ಸರ್ರನೆ ಮೇಲೇರುವ ಜಿಪ್ಪು, ಬಾಯಿ ತೆರೆದ ಬಲೆ. ಯಾವುದೂ ಇನ್ನೊಂದಕ್ಕಿಂತ ಮಸುಕಾಗಿರಲಿಲ್ಲ. ಗೊತ್ತಿಲ್ಲ ಎಂದರೆ ಅದೇ ಅತ್ಯಂತ ನಿಜ. ಗೊತ್ತಿಲ್ಲ ಎಂದರೆ ಇವನು ನಾಳೆಯಿಂದ ಮತ್ತೆ ಮೊದಲನೆಯ ಬೋಲ್ಟಿನಿಂದ ಎಣಿಸುತ್ತಾನೆ.

‘ಇದೆ,’ ಎಂದಳು. ‘ಹಾಕಿರಲಿಲ್ಲ.’

ಅವನು ಸಮಾಧಾನದಿಂದ ಉಸಿರು ಬಿಡುತ್ತಾನೆಂದು ಕಾದಳು. ಅವನ ದವಡೆ ಬಿಗಿಯಿತು. ‘ಎಂಟು ತಿಂಗ್ಳು ಕಣವ್ವಾ,’ ಎಂದ. ಅಷ್ಟೇ. ಆಮೇಲೆ ಅಕ್ಕಾರಿಗೆ ಫೋನು ಮಾಡಿ, ನನ್ನ ಮುಂದೆಯೇ ಮಾಡಿ ಎಂದ. ಕೇಳಿಕೊಳ್ಳುವ ದನಿಯಲ್ಲ ಅದು. ಅವಳು ಮಾಡಿದಳು. ಮುಟ್ಟಿದ್ರಾ, ಊಟ ಆಯ್ತಾ ಎಂದು ಅಕ್ಕ ಶುರು ಮಾಡಿದಳು. ಮಾನ್ಯ ಮಧ್ಯೆಯೇ ಹೇಳಿದಳು, ಮಾವನಿಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ, ಅಲಂಕಾರವಿಲ್ಲದೆ. ಆ ಕಡೆ ಕುಕ್ಕರು ಕೂಗಿ ನಿಂತಿತು. ಅವನಿಗೆ ನಾವು ಏನೇನು ಅಂದಿದೀವಿ ಗೊತ್ತಾ ನಿಂಗೆ ಎಂದು ಅಕ್ಕ ಮೆಲ್ಲಗೆ ಕೇಳಿದಳು. ಗೊತ್ತು, ನಾನೂ ಅಲ್ಲೇ ಇದ್ದೆ ಎಂದಳು. ಇವತ್ತು ಬೆಳಿಗ್ಗೆಯೂ ಅಂದೆನಲ್ಲೇ ಎಂದಳು ಅಕ್ಕ. ಚಲುವಯ್ಯ ಫೋನಿನೊಳಗಿನದನ್ನು ಕೇಳಿಸಿಕೊಳ್ಳುವ ಗೋಜಿಗೇ ಹೋಗದೆ ಅಂದ: ‘ಅವ್ರಿಗಲ್ಲ. ಕೂಸಿಗೇಳಿ.’

ಅಕ್ಕ ಪಾಪುವನ್ನು ಕರೆಯುವುದು ಕೇಳಿಸಿತು, ಚಪ್ಪಲಿಯಿಲ್ಲದ ಕಾಲು ಓಡಿಬರುವುದು ಕೇಳಿಸಿತು. ಪುಟ್ಟ ಉಸಿರು ಫೋನಿಗೆ ತಾಗಿತು. ಚಿಕ್ಕೀ ಎಂದಳು. ಮಾನ್ಯಳಿಗೆ ಅಭ್ಯಾಸದಂತೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಮುಚ್ಚಲಿಲ್ಲ.

‘ಪಾಪು, ಅವತ್ತು ನೀನು ಬಿದ್ದಿದ್ದು ತಾತನಿಂದ ಅಲ್ಲ. ಬಲೆ ಬಾಗಿಲು ನಾನು ಹಾಕಿರ್ಲಿಲ್ಲ.’

 ಅಳುತ್ತಾಳೇನೋ, ಇನ್ನು ಮುಂದೆ ತನ್ನನ್ನು ಕಂಡು ಬೀರುವಿನ ಸಂದಿಗೆ ಓಡುತ್ತಾಳೇನೋ. ಓಡಲಿ ಎಂದುಕೊಂಡಳು, ಅಂದುಕೊಂಡ ಕೂಡಲೇ ಓಡದಿದ್ದರೆ ಸಾಕು ಎಂದುಕೊಂಡಳು.

‘ತಾತ ಅಲ್ಲೇ ಇದಾರಾ?’ ಎಂದಳು ಪಾಪು.

ಮಾನ್ಯ ಫೋನನ್ನು ಮುಂದೆ ಚಾಚಿದಳು. ಚಲುವಯ್ಯ ಎರಡೂ ಅಂಗೈಯನ್ನು ಟವೆಲಿಗೆ ಒರಸಿದ, ಇನ್ನೊಮ್ಮೆ ಒರಸಿದ, ತುಂಬಿದ ಬಟ್ಟಲು ಇಸಿದುಕೊಳ್ಳುವವನಂತೆ ಎರಡು ಕೈಯಲ್ಲಿ ಅದನ್ನು ತಗೊಂಡ.  ಆಮೇಲೆ ಕೇಳಿದ:

‘ಕೈ ನೋಯ್ತದಾ ಕೂಸೆ ಈಗ್ಲೂವೆ?’

ಆ ಕಡೆಯ ಉತ್ತರ ಕೇಳಿಸಿಕೊಳ್ಳಲು ಮಾನ್ಯ ಒಂದು ಹೆಜ್ಜೆ ಮುಂದೆ ಬಂದಳು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು, ಅವಳಿಗೆ ಬೆನ್ನು ತಿರುಗಿಸಿ, ಬಯಲಿನ ಆ ತುದಿಯವರೆಗೂ ನಡೆದುಕೊಂಡು ಹೋದ.